ಗಟ್ಟಿ ವಾದ, ಜಳ್ಳು ವಾದ

ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಅವಳ ಎದೆ ಎದ್ದು ನಿಲ್ಲುತ್ತಿತ್ತು, ಅವಳು ಏಳುವುದು ಆಮೇಲೆ. ಚಿಕ್ಕಂದಿನಿಂದಲೂ ಹಾಗೆಯೇ. ಅಪ್ಪ ಕೆಲಸದಿಂದ ಬರುವುದು ಸ್ವಲ್ಪ ತಡವಾದರೆ ಉಳಿದವರು ಊಟಕ್ಕೆ ಕೂರುತ್ತಿದ್ದರು. ಅವಳು ಕಿಟಕಿಯ ಸರಳು ಹಿಡಿದು ನಿಂತು, ಅಪ್ಪನಿಲ್ಲದ ಮನೆ ಹೇಗಿರುತ್ತದೆ, ಅಮ್ಮ ಎಲ್ಲಿ ಕೆಲಸಕ್ಕೆ ಸೇರುತ್ತಾಳೆ, ತಾನು ಯಾವ ಚಿಕ್ಕಮ್ಮನ ಮನೆಯಲ್ಲಿ ಬೆಳೆಯಬೇಕಾಗುತ್ತದೆ ಎಂಬಲ್ಲಿಯವರೆಗೆ ಯೋಚಿಸಿ ಮುಗಿಸಿರುತ್ತಿದ್ದಳು. ಅಷ್ಟರಲ್ಲಿ ಅಪ್ಪ ಬಂದು ಚಪ್ಪಲಿ ಬಿಡುತ್ತಿದ್ದ. "ಈ ಹುಡುಗಿ ದಿನಾ ಒಂದು ಸಲ ನನ್ನ ಸಾಯಿಸಿ ಬದುಕಿಸ್ತಾಳೆ" ಎಂದು ನಗುತ್ತಿದ್ದ.

ಮದುವೆಯಾದ ಮೇಲೆ ಆ ಹೆದರಿಕೆಯೆಲ್ಲ ಗಂಡನ ಪಾಲಿಗೆ ಬಂತು. ಅವನು ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಆಲೂಗಡ್ಡೆ ಮೂಟೆ ಹೊರುವ ಕೆಲಸಕ್ಕಿದ್ದ. ಹೊರಗೆ ಎಂಥ ಬಿಸಿಲಿದ್ದರೂ ಕಂಕುಳಲ್ಲಿ ಉಣ್ಣೆ ಟೋಪಿ ಇಟ್ಟುಕೊಂಡು ಹೊರಡುವ ಗಂಡಸು ಆ ಬೀದಿಗೆಲ್ಲ ಅವನೊಬ್ಬನೇ. ಗೋಡೆಯಷ್ಟು ದಪ್ಪದ ಬಾಗಿಲುಗಳು, ಉಸಿರು ಬಿಟ್ಟರೆ ಹೊಗೆಯಾಗುವ ಕೊಠಡಿಗಳು, ಚಾವಣಿ ಮುಟ್ಟುವ ಮೂಟೆಗಳು. ಸಂಜೆ ಬಂದು ಅಲ್ಲಿಯ ಸುದ್ದಿ ಹೇಳುತ್ತಿದ್ದ. ಮೆಕ್ಯಾನಿಕ್ಕು ಯಂತ್ರದ ಜೊತೆ ಹೆಂಡತಿಯನ್ನು ಓಲೈಸಿದ ಹಾಗೆ ಮಾತಾಡುತ್ತಾನಂತೆ. ಹಿಂದಿನ ಕೊಠಡಿಯಲ್ಲಿ ಕೂತು ಕೊಳೆತ ಆಲೂಗಡ್ಡೆ ಆರಿಸಿ ತೆಗೆಯುವ ಮುದುಕಿ, ಎಲ್ಲರೂ ಕೊಳೆ ಅಜ್ಜಿ ಎಂದು ಕರೆಯುವವಳು, ಇವತ್ತು ಸೂಪರ್‌ವೈಸರನದೇ ಮುಖದ ನೀರಿಳಿಸಿದಳಂತೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳ ಕಿವಿಯಲ್ಲಿ ಮಾತ್ರ ಅವನ ಮಾತಿನ ನಡುವೆ ಎಲ್ಲೋ ಬಂದುಹೋದ ಒಂದು ಪದ ಕೂತುಬಿಡುತ್ತಿತ್ತು. ಅಮೋನಿಯ. ಆ ಕೊಠಡಿಗಳನ್ನೆಲ್ಲ ತಣ್ಣಗಿಡುವ ಗ್ಯಾಸು ಅದು. ಕೊಳವೆ ಬಿಟ್ಟು ಹೊರಬಂದರೆ ಕಣ್ಣು, ಗಂಟಲು, ಎದೆ ಯಾವುದನ್ನೂ ಬಿಡುವುದಿಲ್ಲ ಎಂದು ಅವನೇ ಯಾವಾಗಲೋ ಹೇಳಿದ್ದ. ಹೇಳಿ ಅವನು ಮರೆತ. ಅವಳು ಮರೆಯಲಿಲ್ಲ.

ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಅಂಗಡಿಯವರು ಕತ್ತರಿಸಿ ಕೊಟ್ಟ ಶಾಲೆಯ ಸಮವಸ್ತ್ರಗಳಿಗೆ ಅಂಚು ಮಡಿಚಿ ಹೊಲಿದು ಕೊಡುವುದು. ಕಿಟಕಿಯ ಪಕ್ಕ ಮಿಷನ್ನು, ಮಿಷನ್ನಿನ ಪಕ್ಕ ಮಂಚ, ಮಂಚದ ಮೇಲೆ ಕೂತು ದಾರದ ತುದಿ ಕತ್ತರಿಸುತ್ತಾ ಬಟ್ಟೆ ಮಡಿಸುವ ಅತ್ತೆ. ಅತ್ತೆ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿ ವಯಸ್ಸು ಸವೆಸಿದವರು. ಓದು ಬರದು, ಸುಮ್ಮನೆ ಕೂರಲೂ ಬರದು.

ಅವಳಿಗೆ ಕಚೇರಿಯ ಗುಮಾಸ್ತೆ ಕೆಲಸದ ಪರೀಕ್ಷೆ ಪಾಸು ಮಾಡಬೇಕೆಂಬ ಹಟ. ಎರಡು ಸಲ ಬರೆದು ಎರಡು ಸಲವೂ ಒಂದೇ ಕಡೆ ಮುಗ್ಗರಿಸಿದ್ದಳು, ತರ್ಕದ ಪ್ರಶ್ನೆಗಳಲ್ಲಿ. ಗಂಡ ಯಾರಿಂದಲೋ ಹಳೆಯ ಗೈಡು ಒಂದನ್ನು ತಂದುಕೊಟ್ಟ. ಮಿಷನ್ನಿನ ಮೇಲೆ ಅದನ್ನು ತೆರೆದಿಟ್ಟು, ಕಾಲಿನಲ್ಲಿ ಪೆಡಲು ತುಳಿಯುತ್ತಾ, ಬಾಯಲ್ಲಿ ಜೋರಾಗಿ ಓದುತ್ತಿದ್ದಳು.

"ಎಲ್ಲ ಬೆಕ್ಕುಗಳೂ ಮೇಜುಗಳು. ಕೆಲವು ಮೇಜುಗಳು ಕಿಟಕಿಗಳು. ತೀರ್ಮಾನ: ಕೆಲವು ಬೆಕ್ಕುಗಳು ಕಿಟಕಿಗಳು. ಸರಿಯೋ ತಪ್ಪೋ?"

ಅತ್ತೆ ಕತ್ತರಿ ಕೆಳಗಿಟ್ಟರು. "ಇದನ್ನ ಬರೆದೋನಿಗೆ ಜ್ವರ ಬಂದಿತ್ತಾ?"

"ಬೆಕ್ಕು ಮೇಜಾಗುತ್ತಾ ಅಂತ ಕೇಳ್ತಿಲ್ಲ ಅತ್ತೆ. ಆಗುತ್ತೆ ಅಂತಲೇ ಇಟ್ಕೊಳ್ಳಿ. ಹಾಗಾದರೆ ಮುಂದಿನ ಮಾತು ಖಂಡಿತಾ ನಿಜಾನಾ ಅಂತ ಕೇಳ್ತಾರೆ."

"ಆಗಲ್ಲ ಅಂತ ಗೊತ್ತಿದ್ದೂ ಆಗುತ್ತೆ ಅಂತ ಇಟ್ಕೋಬೇಕಾ?"

"ಹೌದು. ಕಿಟಕಿಯಾಗಿರೋ ಮೇಜುಗಳೇ ಬೇರೆ, ಬೆಕ್ಕಾಗಿರೋ ಮೇಜುಗಳೇ ಬೇರೆ ಇರಬಹುದು. ಆದ್ದರಿಂದ ಖಂಡಿತಾ ಅನ್ನೋ ಹಾಗಿಲ್ಲ. ತಪ್ಪು."

ಅತ್ತೆ ಮತ್ತೆ ಕತ್ತರಿ ಎತ್ತಿಕೊಂಡರು. ಎರಡು ಅಂಗಿ ಮಡಿಸಿ ಮೂರನೆಯದನ್ನು ತೊಡೆಯ ಮೇಲೆ ಹರವಿಕೊಂಡು ಹೇಳಿದರು, "ನನ್ನ ಅಡುಗೆ ಉಂಡವರೆಲ್ಲ ಹಾಸ್ಟೆಲ್ ಹುಡುಗರು. ಕೆಲವು ಹಾಸ್ಟೆಲ್ ಹುಡುಗರಿಗೆ ಹೊಟ್ಟೆನೋವು ಬಂತು. ಆ ವಾರ್ಡನ್ನು ಸೀದಾ ಬಂದು, ನಿನ್ನ ಅಡುಗೆ ತಿಂದೇ ಬಂತು ಅಂದ. ಅವತ್ತು ಎಷ್ಟು ಜನ ಹೊರಗೆ ಹೋಗಿ ತಿಂದು ಬಂದಿದ್ದರು ಗೊತ್ತಾ ನಿನಗೆ? ನನಗೆ ಹೇಳೋಕೆ ಬಾಯೇ ಬರಲಿಲ್ಲ. ಅವನೂ ಬೆಕ್ಕನ್ನ ಕಿಟಕಿ ಮಾಡಿದ."

ಅವಳು ಪೆಡಲು ನಿಲ್ಲಿಸಿ ಅತ್ತೆಯನ್ನೇ ನೋಡಿದಳು. ಅವತ್ತಿನಿಂದ ಅಭ್ಯಾಸ ಇಬ್ಬರದೂ ಆಯಿತು.

ವಾದಗಳ ಬಲ ಅಳೆಯುವ ಪ್ರಶ್ನೆಗಳೆಂದರೆ ಅತ್ತೆಗೆ ಇನ್ನೂ ಖುಷಿ. ಪುಸ್ತಕದಲ್ಲಿ 'ಪ್ರಬಲ', 'ದುರ್ಬಲ' ಎಂದಿತ್ತು. ಅತ್ತೆ ಅದನ್ನು 'ಗಟ್ಟಿ', 'ಜಳ್ಳು' ಮಾಡಿಕೊಂಡರು. ಹಗಲು ಹೊತ್ತು ಪೇಟೆಯೊಳಗೆ ಲಾರಿಗಳನ್ನು ಬಿಡಬಹುದೇ? ಬಿಡಬಾರದು, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಅಪಘಾತಗಳಾಗುತ್ತವೆ. ಬಿಡಬಹುದು, ಮೊದಲಿನಿಂದಲೂ ಲಾರಿಗಳು ಓಡಾಡುತ್ತಿವೆ.

"ಮೊದಲನೇದು ಗಟ್ಟಿ. ಎರಡನೇದು ಬರೀ ಜಳ್ಳು" ಎಂದರು ಅತ್ತೆ. "ಮೊದಲಿಂದ ಇದೆ ಅನ್ನೋದೂ ಒಂದು ಮಾತಾ? ನನ್ನ ಮಂಡಿನೋವೂ ಮೊದಲಿಂದಲೇ ಇದೆ."

ಕಿಟಕಿಯಾಚೆ ಆಡುವ ಮಕ್ಕಳು ಅವಳಿಗೆ ಆದ್ದರಿಂದಕ್ಕ ಎಂದು ಹೆಸರಿಟ್ಟರು. ಅವಳು ಬೇಸರಪಟ್ಟುಕೊಳ್ಳಲಿಲ್ಲ. ಆ ಪುಸ್ತಕ ಅವಳಿಗೆ ಪರೀಕ್ಷೆಗಿಂತ ದೊಡ್ಡ ಉಪಕಾರವೊಂದನ್ನು ಮಾಡತೊಡಗಿತ್ತು. ಗಂಡ ಬರುವುದು ತಡವಾದ ಸಂಜೆ, ಎದೆ ಡವಗುಟ್ಟಲು ಶುರುವಾದಾಗ, ಅವಳು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು: ಅಪಾಯಕ್ಕೆ ಸಿಕ್ಕಿದವರು ತಡ ಮಾಡುತ್ತಾರೆ. ಇವರು ತಡ ಮಾಡಿದ್ದಾರೆ. ಆದ್ದರಿಂದ? ಆದ್ದರಿಂದ ಏನೂ ಹೇಳಲು ಬರುವುದಿಲ್ಲ. ಸೈಕಲ್ ಪಂಕ್ಚರ್ ಆದವರೂ ತಡ ಮಾಡುತ್ತಾರೆ. ಆ 'ಏನೂ ಹೇಳಲು ಬರುವುದಿಲ್ಲ' ಎಂಬ ಮಾತಿನ ಮೇಲೆ ಅವಳು ಸ್ವಲ್ಪ ಹೊತ್ತು ತಲೆಯಿಟ್ಟು ಮಲಗಬಹುದಾಗಿತ್ತು. ಹುಟ್ಟಿದಾಗಿನಿಂದ ಅಂಥದ್ದೊಂದು ದಿಂಬು ಅವಳಿಗೆ ಸಿಕ್ಕಿರಲಿಲ್ಲ.

ಪರೀಕ್ಷೆಗೆ ಇನ್ನು ಕೆಲವೇ ದಿನವಿದ್ದಾಗ, ಒಂದು ಮಧ್ಯಾಹ್ನ, ಇಸ್ತ್ರಿ ಅಂಗಡಿಯವನು ಬೀದಿಯುದ್ದಕ್ಕೂ ಕಿಟಕಿ ಬಡಿಯುತ್ತಾ ಬಂದ. ಅವಳ ಕಿಟಕಿಯ ಹತ್ತಿರ ಬಂದವನು ಕೈ ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಅವಳ ಗಂಡ ಎಲ್ಲಿ ಕೆಲಸ ಮಾಡುತ್ತಾನೆಂದು ಗೊತ್ತಿತ್ತು.

"ಏನು?" ಎಂದಳು ಅವಳು.

"ಕೋಲ್ಡ್ ಸ್ಟೋರೇಜಲ್ಲಿ ಗ್ಯಾಸ್ ಸೋರಿದೆಯಂತೆ. ಕಿಟಕಿ ಬಾಗಿಲು ಎಲ್ಲ ಹಾಕ್ಕೊಳ್ಳಿ ಅಂತ ಹೇಳ್ತಿದ್ದಾರೆ."

ಸೂಜಿಯ ಕೆಳಗಿದ್ದ ಅಂಗಿಯನ್ನು ಬಿಡಿಸಬೇಕೆಂದು ತೋರಲಿಲ್ಲ, ಹಾಗೇ ಎದ್ದಳು. ದಾರ ಎಳೆದುಕೊಂಡು ಬಂತು. ಗಂಡನಿಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಗೇಟಿನ ಕಾವಲುಗಾರನ ಹತ್ತಿರವೇ ಇರುತ್ತದೆ, ಯಾವತ್ತೂ ಎತ್ತುವುದಿಲ್ಲ, ಇವತ್ತು ಎತ್ತದಿದ್ದರೆ ಅದರಲ್ಲಿ ಹೊಸದೇನಿಲ್ಲ. ಹೀಗೆ ಹೇಳಿಕೊಂಡಳು. ಸರಿಯಾದ ಮಾತೇ. ಆದರೂ ಮತ್ತೊಮ್ಮೆ ಒತ್ತಿ ನೋಡಿದಳು.

ಎರಡು ಟವೆಲ್ ಒದ್ದೆ ಮಾಡಿಕೊಂಡಳು. "ನೀವು ಮನೇಲೇ ಇರಿ ಅತ್ತೆ" ಎನ್ನುವಷ್ಟರಲ್ಲಿ ಅತ್ತೆ ಬಾಗಿಲಾಚೆ ಇದ್ದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಮಗನ ಹಳೆಯ ಚಪ್ಪಲಿ.

ದಾರಿಯಲ್ಲಿ ಜನ ಎದುರಿಗೆ ಬರುತ್ತಿದ್ದರು. ಮಕ್ಕಳನ್ನು ಎತ್ತಿಕೊಂಡವರು, ಬಾಯಿಗೆ ಬಟ್ಟೆ ಕಟ್ಟಿಕೊಂಡವರು. ಆ ಕಡೆಗೆ ಹೋಗುತ್ತಿದ್ದವರು ಇವರಿಬ್ಬರೇ. ತಿರುವು ದಾಟುತ್ತಿದ್ದಂತೆ ವಾಸನೆ ಮೂಗಿಗೆ ಹೊಡೆಯಿತು. ಮೂಗಿಗೆ ಎನ್ನುವುದಕ್ಕಿಂತ ಕಣ್ಣಿಗೆ ಎನ್ನಬೇಕು. ಕಣ್ಣಿನೊಳಗೆ ಈರುಳ್ಳಿ ತಿಕ್ಕಿದಂತಾಗಿ ನೀರು ಧಾರೆಯಾಗಿ ಇಳಿಯಿತು. ಅತ್ತೆ ಅಳುತ್ತಿದ್ದಾರೋ ಗ್ಯಾಸಿಗೆ ನೀರು ಬರುತ್ತಿದೆಯೋ ಅವಳಿಗೆ ತಿಳಿಯಲಿಲ್ಲ. ತನ್ನ ಬಗ್ಗೆಯೂ ತಿಳಿಯಲಿಲ್ಲ. ಒಂದು ಕಡೆ ವಾಸನೆ ಸತ್ತೇಹೋಯಿತು, ಇಪ್ಪತ್ತು ಹೆಜ್ಜೆ ಮುಂದೆ ಮತ್ತೆ ಉಸಿರು ಕಟ್ಟಿಸಿತು. ಗಾಳಿ ಅತ್ತಿತ್ತ ತಿರುಗುತ್ತಿತ್ತು.

ಗೇಟಿನ ಎದುರು, ರಸ್ತೆಯ ಆಚೆ ಬದಿಯಲ್ಲಿ ಹಗ್ಗ ಕಟ್ಟಿದ್ದರು. ಫೈರ್ ಇಂಜಿನ್ನು ಬಂದು ನಿಂತಿತ್ತು, ಪೈಪಿನಿಂದ ಕಟ್ಟಡದ ಮೇಲೆ ನೀರು ಹೊಡೆಯುತ್ತಿದ್ದರು. ಕಟ್ಟಡದ ಬುಡದಲ್ಲಿ ಬಿಳಿಯದೊಂದು ಮಬ್ಬು ನೆಲಕ್ಕಂಟಿಕೊಂಡು ಹರಿದಾಡುತ್ತಿತ್ತು. ಹೊರಗೆ ಬಂದ ಕೆಲಸಗಾರರು ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದರು. ಒಬ್ಬ ಇನ್ನೊಬ್ಬನ ಕಣ್ಣಿಗೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದ. ಅವಳು ಒಂದೊಂದೇ ಮುಖ ನೋಡಿದಳು. ಮೊದಲಿನಿಂದ ಇನ್ನೊಮ್ಮೆ ನೋಡಿದಳು. ಅವಳ ಗಂಡ ಇರಲಿಲ್ಲ.

ಸೂಪರ್‌ವೈಸರ್ ಇನ್ನೂ ಮೀಸೆ ಗಟ್ಟಿಯಾಗದ ಯುವಕ. ಅವನ ಅಂಗಿ ಬೆವರಿಗೆ ಮೈಗಂಟಿತ್ತು.

"ಎಲ್ಲರೂ ಹೊರಗೆ ಬಂದಿದ್ದಾರೆ ಅಕ್ಕ. ನಾನೇ ಗೇಟಲ್ಲಿ ನಿಂತು ಎಣಿಸಿದೆ. ಇವತ್ತು ಹನ್ನೊಂದು ಜನ ಕೆಲಸಕ್ಕೆ ಬಂದಿದ್ದರು, ಹನ್ನೊಂದು ಜನ ಹೊರಗೆ ಬಂದರು. ಮೆಕ್ಯಾನಿಕ್‌ಗೆ ಮಾತ್ರ ಜಾಸ್ತಿ ಆಗಿದೆ. ಮುಖಕ್ಕೇ ಹೊಡೀತು. ಆಸ್ಪತ್ರೆಗೆ ಕಳಿಸಿದೀವಿ."

"ನನ್ನ ಮಗ?" ಎಂದರು ಅತ್ತೆ.

"ಎಲ್ಲರೂ ಬಂದಿದ್ದಾರೆ ಅಂದ ಮೇಲೆ ಅವರೂ ಬಂದಿರಲೇಬೇಕಲ್ಲ ಅಮ್ಮ. ಮೆಕ್ಯಾನಿಕ್ ಜೊತೆ ಟೆಂಪೋದಲ್ಲಿ ಹೋಗಿರಬಹುದು."

ಅತ್ತೆ ಗೋಡೆಗೆ ಒರಗಿ ನಿಧಾನಕ್ಕೆ ಕೂತರು. "ಬಂದಿದ್ದಾನೆ" ಎಂದರು, "ಎಲ್ಲರೂ ಬಂದಿದ್ದಾರೆ, ಅವನೂ ಬಂದಿದ್ದಾನೆ."

ಆ ಮಾತಿನಲ್ಲಿ ತಪ್ಪು ಹುಡುಕುವುದು ಅವಳಿಗೆ ಬೇಕಿರಲಿಲ್ಲ. ಅತ್ತೆಯ ಪಕ್ಕ ತಾನೂ ಗೋಡೆಗೊರಗಿ ಕೂರಬೇಕೆನಿಸಿತ್ತು. ಆದರೆ ತಿಂಗಳುಗಟ್ಟಲೆ ಅದೇ ಕೆಲಸ ಮಾಡಿದ ಮನಸ್ಸು ತಾನೇ ತಾನಾಗಿ ಓಡಿತು. ಎಲ್ಲರೂ ಬಂದಿದ್ದಾರೆ ಎಂಬುದು ನಿಜವಾದರೆ ಅವನೂ ಬಂದಿರಲೇಬೇಕು, ಅದು ಗಟ್ಟಿ. ಎಲ್ಲರೂ ಬಂದಿದ್ದಾರೆ ಎಂಬುದೇ ನಿಜವೋ ಅಲ್ಲವೋ, ಅದನ್ನು ಪುಸ್ತಕ ಎಂದೂ ಕೇಳುವುದಿಲ್ಲ. ನಿಜವೆಂದೇ ಇಟ್ಟುಕೊಳ್ಳಿ ಎನ್ನುತ್ತದೆ. ಇಲ್ಲಿ ಇಟ್ಟುಕೊಳ್ಳುವುದು ಹೇಗೆ?

"ಟೆಂಪೋ ಹತ್ತಿದ್ದನ್ನ ನೀವು ನೋಡಿದಿರಾ?" ಎಂದು ಕೇಳಿದಳು.

"ನೋಡಲಿಲ್ಲ. ಗಲಾಟೆಯಲ್ಲಿ..."

ಮತ್ತೆ ಫೋನ್ ಮಾಡಿದಳು. ಈ ಸಲ ಸದ್ದು ಎದುರಿನಿಂದಲೇ ಕೇಳಿತು. ಕಾವಲುಗಾರ ತನ್ನ ಗೂಡಿನಿಂದ ಹೊರತಂದು ರಸ್ತೆಬದಿ ಇಟ್ಟಿದ್ದ ಮರದ ಪೆಟ್ಟಿಗೆಯೊಳಗೆ, ಹತ್ತಾರು ಫೋನುಗಳ ನಡುವೆ, ಒಂದು ಬೆಳಗುತ್ತಾ ಗುಂಯ್‌ಗುಟ್ಟುತ್ತಿತ್ತು. ಮೇಲೆ ಅವಳದೇ ಹೆಸರು.

ಮರದ ಆಚೆ ಬದಿಯಲ್ಲಿ ಒಬ್ಬ ವಾಂತಿ ಮಾಡಿ ಬಾಯಿ ಒರೆಸಿಕೊಳ್ಳುತ್ತಿದ್ದ. "ನನ್ನ ಲಾರಿ ಒಳಗೇ ಉಳೀತು" ಎಂದು ಯಾರಿಗೋ ಹೇಳುತ್ತಿದ್ದ. ಅವಳು ಅವನ ಮುಂದೆ ಹೋಗಿ ನಿಂತಳು.

"ನೀವು ಇಲ್ಲಿ ಕೆಲಸದವರಾ?"

"ಅಲ್ಲಮ್ಮ, ಲೋಡ್ ತಗೊಂಡು ಹೋಗೋಕೆ ಬಂದಿದ್ದೆ. ಡ್ರೈವರ್."

"ಗ್ಯಾಸ್ ಬಂದಾಗ ಒಳಗಿದ್ದಿರಾ?"

"ಒಳಗೇ ಇದ್ದೆ. ಇವರ ಜೊತೇಲೇ ಗೇಟಿಂದ ಓಡಿ ಬಂದೆ."

ಹನ್ನೊಂದರಲ್ಲಿ ಇವನೊಬ್ಬ. ಪೆಡಲು ತುಳಿಯುತ್ತಾ ಇಂಥ ಲೆಕ್ಕ ಸರಿಹೋದಾಗ ಅವಳಿಗೆ ಒಳಗೊಳಗೇ ಹಿಗ್ಗಾಗುತ್ತಿತ್ತು. ಈಗ ತನ್ನ ತಲೆ ಒಂದೊಂದು ಹೆಜ್ಜೆ ಸರಿಯಾಗಿ ಇಟ್ಟಂತೆಲ್ಲ ಆ ಬಿಳಿಯ ಮಬ್ಬಿನೊಳಗೆ ತಾನೇ ಗಂಡನನ್ನು ಒಂದೊಂದು ಹೆಜ್ಜೆ ತಳ್ಳುತ್ತಿದ್ದೇನೆ ಎನಿಸಿತು.

ಫೈರ್ ಇಂಜಿನ್ನಿನ ಅಧಿಕಾರಿಯ ಹತ್ತಿರ ಹೋದಳು. ಅಪರಿಚಿತರ ಮುಂದೆ ಬಾಯಿ ತೆರೆಯಲು ಹೆದರುವವಳು ಅವಳು. ಅಂಗಡಿಯಲ್ಲಿ ಚಿಲ್ಲರೆ ತಪ್ಪಿದರೂ ಕೇಳದೆ ಬರುವವಳು. ಈಗ ಮಾತುಗಳು ಸಾಲಾಗಿ ಬಂದವು.

"ಸರ್, ಇವತ್ತು ಕೆಲಸಕ್ಕೆ ಬಂದವರು ಹನ್ನೊಂದು ಜನ. ಗೇಟಲ್ಲಿ ಎಣಿಸಿದ್ದು ಹನ್ನೊಂದು ತಲೆ. ಅದರಲ್ಲಿ ಒಂದು ತಲೆ ಈ ಡ್ರೈವರ್‌ದು. ಅವರು ಕೆಲಸದವರಲ್ಲ. ಆದ್ದರಿಂದ ಕೆಲಸದವರಲ್ಲಿ ಒಬ್ಬರು ಗೇಟಿಂದ ಬಂದಿಲ್ಲ."

ಅಧಿಕಾರಿ ಸೂಪರ್‌ವೈಸರನ ಕಡೆ ನೋಡಿದ. ಅವನು ಡ್ರೈವರನ ಕಡೆ ತಿರುಗಿದ. "ಡ್ರೈವರ್... ಹೌದು ಸರ್, ಡ್ರೈವರೂ ಇದ್ದ. ನಾನು ತಲೆ ಮಾತ್ರ ಎಣಿಸಿದೆ."

"ಬಂದಿಲ್ಲ ಅಂದಮಾತ್ರಕ್ಕೆ ಒಳಗೇ ಇದ್ದಾರೆ ಅಂತ ಹೇಗಮ್ಮ? ಮೊದಲೇ ಎಲ್ಲಾದರೂ ಹೋಗಿರಬಹುದು" ಎಂದ ಅಧಿಕಾರಿ.

"ಹೊರಗೆ ಹೋಗುವವರು ಯಾರಾದರೂ ಫೋನ್ ಇಸ್ಕೊಂಡೇ ಹೋಗ್ತಾರೆ. ಅವರ ಫೋನ್ ಇಲ್ಲೇ ಇದೆ."

"ಹೌದು ಸಾರ್" ಎಂದ ಕಾವಲುಗಾರ. "ಫೋನ್ ಇಸ್ಕೊಳ್ಳದೆ ಯಾರೂ ಗೇಟು ದಾಟಲ್ಲ."

ಅತ್ತೆ ಗೋಡೆಯ ಬುಡದಿಂದ ಎದ್ದು ಬಂದಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಸೊಸೆಯ ಮುಖ ನೋಡಿ, ಬಹಳ ಮೆಲ್ಲಗೆ ಕೇಳಿದರು, "ಗಟ್ಟಿನಾ?"

ಅವಳು ತಲೆಯಾಡಿಸಿದಳು. ಅತ್ತೆ ಅವಳ ಮುಂಗೈ ಹಿಡಿದುಕೊಂಡರು. ಮೂಳೆ ನೋಯುವಷ್ಟು ಗಟ್ಟಿಯಾಗಿ.

ಗಾಳಿ ನಿಲ್ಲುವವರೆಗೆ ಯಾರನ್ನೂ ಒಳಗೆ ಕಳಿಸುವುದು ಬೇಡವೆಂದು ಅಧಿಕಾರಿ ಆಗಲೇ ನಿರ್ಧರಿಸಿದ್ದ. ಈಗ ಗೇಟಿನ ಕಡೆ ತಿರುಗಿ ಮಬ್ಬನ್ನು ನೋಡಿದ. ಆಮೇಲೆ ಇಬ್ಬರ ಹೆಸರು ಕರೆದ. ಅವರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಖವಾಡ ಹಾಕಿಕೊಳ್ಳತೊಡಗಿದರು. ಅವರಲ್ಲಿ ಚಿಕ್ಕವನು ಪಟ್ಟಿ ಬಿಗಿಯುತ್ತಾ ಅವಳನ್ನು ಕೇಳಿದ, "ಏನು ಹಾಕ್ಕೊಂಡಿದ್ದಾರೆ ಅವರು?"

"ಬೂದು ಬಣ್ಣದ ಉಣ್ಣೆ ಟೋಪಿ" ಎಂದಳು. ಹೇಳಿದ ಮೇಲೆ ಆ ಪ್ರಶ್ನೆ ಏಕೆಂದು ಅವಳಿಗೆ ಅರ್ಥವಾಯಿತು. ಬಿದ್ದಿರುವವನ ಮುಖ ಕಾಣದೆ ಹೋಗಬಹುದು.

ಇಬ್ಬರೂ ಗೇಟು ದಾಟಿ ಮಬ್ಬಿನೊಳಗೆ ಮೊಣಕಾಲವರೆಗೆ, ಸೊಂಟದವರೆಗೆ ಇಳಿದು ಮರೆಯಾದರು. ಅವಳಿಗೆ ಈಗ ಇನ್ನೊಂದು ಹೆದರಿಕೆ ಶುರುವಾಯಿತು. ಆ ಚಿಕ್ಕವನು ಪಟ್ಟಿ ಸರಿಯಾಗಿ ಬಿಗಿದಿದ್ದಾನೋ ಇಲ್ಲವೋ. ಇವರನ್ನು ಒಳಗೆ ಕಳಿಸಬೇಕಿತ್ತೇ? ಹೌದು, ಒಬ್ಬ ಮನುಷ್ಯ ಅಲ್ಲಿರಬಹುದು. ಬೇಡವಾಗಿತ್ತು, ಇವರಿಗಾಗಿಯೂ ಯಾವುದೋ ಮನೆಯ ಕಿಟಕಿಯಲ್ಲಿ ಯಾರೋ ಸರಳು ಹಿಡಿದು ನಿಂತಿರುತ್ತಾರೆ. ಎರಡೂ ಗಟ್ಟಿ. ಎರಡೂ ವಾದಗಳು ಪ್ರಬಲ ಎಂಬ ಉತ್ತರವೂ ಪುಸ್ತಕದಲ್ಲಿ ಇರುತ್ತದೆ, ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದರಾಯಿತು. ಇಲ್ಲಿ ಮುಂದಿನ ಪ್ರಶ್ನೆ ಇರಲಿಲ್ಲ. ಆ ಗೇಟೊಂದೇ ಇತ್ತು.

ಎಷ್ಟು ಹೊತ್ತಾಯಿತೋ. ಕೂತವರೆಲ್ಲ ಎದ್ದು ನಿಂತಿದ್ದರು. ಚಿಕ್ಕವನು ಮೊದಲು ಹೊರಗೆ ಬಂದ, ಮುಖವಾಡ ಕಿತ್ತೆಸೆದು, ಕೆಮ್ಮಿ ಕೆಮ್ಮಿ ನೆಲಕ್ಕೆ ಬಾಗಿದ. ಅವನ ಹಿಂದೆ ಇನ್ನೊಬ್ಬ, ಎರಡೂ ಕೈಯಲ್ಲಿ ಒದ್ದೆ ಗೋಣಿ ಸುತ್ತಿದ ಒಂದು ಮೈಯನ್ನು ಎತ್ತಿಕೊಂಡು.

ಅತ್ತೆ ಅವಳ ಕೈ ಬಿಟ್ಟು ಕುಸಿದರು. ಅವಳಿಗೆ ಓಡಲಾಗಲಿಲ್ಲ. ಗೋಣಿಯಿಂದ ಹೊರಗೆ ತೂಗುತ್ತಿದ್ದ ಪಾದಗಳು ಮಾತ್ರ ಕಂಡವು. ಪುಟ್ಟ ಪಾದಗಳು. ಹಿಮ್ಮಡಿ ಒಡೆದ, ಗಂಟು ಬೆರಳಿನ, ಪುಟ್ಟ ಪಾದಗಳು. ಅವನದಲ್ಲ. ಹಾಗೆಂದು ತಿಳಿದ ಕ್ಷಣ ಅವಳ ಎದೆಯಲ್ಲಿ ಹುಟ್ಟಿದ್ದು ಸಂತೋಷ. ಅದನ್ನು ಅವಳು ಆಮೇಲೆ ಎಷ್ಟೋ ದಿನ ನೆನೆದು ಮುದುಡಿದಳು.

"ಕೊಳೆ ಅಜ್ಜಿ" ಎಂದ ಮರದ ಕೆಳಗಿನಿಂದ ಒಬ್ಬ. ಸೂಪರ್‌ವೈಸರ್ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಅಜ್ಜಿ ಹಾಜರಿ ಪುಸ್ತಕಕ್ಕೆ ಸೇರಿದವಳಲ್ಲ, ಬೇಕೆನಿಸಿದ ದಿನ ಬರುತ್ತಿದ್ದಳು, ಹಿಂಬಾಗಿಲಿನಿಂದ ನುಸುಳಿ ತನ್ನ ಕೊಠಡಿಯಲ್ಲಿ ಕೂರುತ್ತಿದ್ದಳು. ಬಂದಿದ್ದಾಳೆಂದೇ ಅವನಿಗೆ ಗೊತ್ತಿರಲಿಲ್ಲ. ಹನ್ನೊಂದರಲ್ಲಿ ಅವಳು ಎಂದೂ ಇರಲಿಲ್ಲ.

"ಉಸಿರಿದೆ" ಎಂದು ಕೂಗಿದರು. ಆಂಬುಲೆನ್ಸಿನ ಬಾಗಿಲು ಹಾಕಿಕೊಂಡಿತು.

"ಇನ್ನೊಬ್ಬರು?" ಎಂದಳು ಅವಳು.

"ಎಲ್ಲ ಕೊಠಡಿ ನೋಡಿದೆವು. ಮೂಟೆಗಳ ಸಂದಿಯನ್ನೂ ಬಿಟ್ಟಿಲ್ಲ" ಎಂದ ಎತ್ತಿಕೊಂಡು ಬಂದವನು. "ಬೇರೆ ಯಾರೂ ಇಲ್ಲಮ್ಮ."

ಹಾಗಾದರೆ ಅವನೆಲ್ಲಿ? ಅವಳು ಕಟ್ಟಿದ್ದ ಸಾಲು ಒಂದೊಂದಾಗಿ ಬಿಚ್ಚಿಕೊಂಡಿತು. ಒಳಗಿಲ್ಲ, ಹೊರಗಿಲ್ಲ. ಎಲ್ಲೂ ಇಲ್ಲದವನ ಬಗ್ಗೆ ಯಾವ ಪುಸ್ತಕದಲ್ಲೂ ಪ್ರಶ್ನೆ ಇರಲಿಲ್ಲ. ಅತ್ತೆಯನ್ನು ಎಬ್ಬಿಸಿ ಕೂರಿಸಿ ಬಾಯಿಗೆ ನೀರು ಹಾಕುತ್ತಿದ್ದಾಗ ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿತು. ಜನರನ್ನು ಸರಿಸಿಕೊಂಡು, ಮೆಕ್ಯಾನಿಕ್ಕಿನ ಸೈಕಲ್ ತಳ್ಳಿಕೊಂಡು, ಬೂದು ಟೋಪಿಯನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಅವನು ಬರುತ್ತಿದ್ದ.

"ಏನಾಯ್ತು? ನೀವಿಬ್ಬರೂ ಯಾಕೆ ಇಲ್ಲಿ?" ಎಂದ. ಕೈಯಲ್ಲಿ ಕಾಗದದ ಪುಟ್ಟ ಪೊಟ್ಟಣ. ಅದರಲ್ಲಿ ರಬ್ಬರಿನ ವಾಷರು. ಬೆಳಿಗ್ಗೆಯೇ ಒಂದು ವಾಲ್ವಿನ ಹತ್ತಿರ ಸಣ್ಣಗೆ ವಾಸನೆ ಬರುತ್ತಿದೆ ಎಂದು ಮೆಕ್ಯಾನಿಕ್ಕು ಅವನ ಕೈಗೆ ತನ್ನ ಸೈಕಲ್ ಕೊಟ್ಟು, ಹಿಂಬಾಗಿಲಿನಿಂದಲೇ ಬೇಗ ಹೋಗಿ ತಾ ಎಂದು ಕಳಿಸಿದ್ದ. ಆ ಅಳತೆಯದು ಒಂದು ಅಂಗಡಿಯಲ್ಲಿ ಇರಲಿಲ್ಲ, ಇನ್ನೊಂದು ಮುಚ್ಚಿತ್ತು. ಕಳಿಸಿದ್ದು ಮೆಕ್ಯಾನಿಕ್ಕಿಗೆ ಮಾತ್ರ ಗೊತ್ತಿತ್ತು, ಮೆಕ್ಯಾನಿಕ್ಕು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಅತ್ತೆ ಮಗನ ಮೊಣಕಾಲು ತಬ್ಬಿಕೊಂಡರು. ಅವಳು ತಬ್ಬಲಿಲ್ಲ, ಅಳಲೂ ಇಲ್ಲ. "ಫೋನ್ ಯಾಕೆ ತಗೊಂಡು ಹೋಗಲಿಲ್ಲ?" ಎಂದು ಕೇಳಿದಳು. ಅವನು ಉತ್ತರ ಹೇಳುವ ಮೊದಲೇ ಮತ್ತೆ ಕೇಳಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಕೇಳಿದಳು.

ಮೆಕ್ಯಾನಿಕ್ಕಿನ ಒಂದು ಕಣ್ಣು ಉಳಿಯಿತು, ಇನ್ನೊಂದು ಹೋಯಿತು. ಕೊಳೆ ಅಜ್ಜಿ ಬದುಕಿದಳು. ಕೆಲವು ದಿನದ ಮೇಲೆ ನೋಡಿ ಬರಲು ಅವಳು ಆಸ್ಪತ್ರೆಗೆ ಹೋದಾಗ ಅಜ್ಜಿ ದಿಂಬಿಗೊರಗಿ ಕೂತು, ಕೊಟ್ಟ ಗಂಜಿ ತಣ್ಣಗಿದೆಯೆಂದು ನರ್ಸಿನ ಮೇಲೆ ಸಿಟ್ಟು ಮಾಡುತ್ತಿದ್ದಳು. ಧ್ವನಿ ಮಾತ್ರ ತಗಡು ಉಜ್ಜಿದ ಹಾಗೆ ಒಡೆದಿತ್ತು.

"ಏನೋ ಕಿರುಚಾಟ ಕೇಳಿಸ್ತು" ಎಂದಳು ಅಜ್ಜಿ. "ಈ ಗಂಡಸರು ಮತ್ತೆ ಜಗಳಕ್ಕೆ ಬಿದ್ದರು, ನನಗ್ಯಾಕೆ ಊರ ಉಸಾಬರಿ ಅಂತ ಬಾಗಿಲು ಹಾಕ್ಕೊಂಡೆ. ಆ ದಪ್ಪ ಬಾಗಿಲು ಹಾಕಿದ್ದಕ್ಕೇ ಉಳಿದೆ ಅಂತಾರೆ ಡಾಕ್ಟರು." ಸ್ವಲ್ಪ ಕೆಮ್ಮಿದಳು. "ನನ್ನ ಹುಡುಕಿಸಿದ್ದು ನೀನಂತೆ."

ಹೌದೆಂದುಬಿಡುವುದು ಸುಲಭವಿತ್ತು. "ಇಲ್ಲ ಅಜ್ಜಿ" ಎಂದಳು. "ನಾನು ನನ್ನ ಗಂಡನ್ನ ಹುಡುಕಿಸಿದ್ದು. ನಿಮ್ಮ ವಿಷಯ ಅವರು ಮನೇಲಿ ಎಷ್ಟೋ ಸಲ ಹೇಳಿದ್ದರು. ಅಲ್ಲಿ ನಿಂತಿದ್ದಾಗ ಒಂದು ಸಲವೂ ನೆನಪಾಗಲಿಲ್ಲ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹುಡುಕಿದ್ದು ಅವನನ್ನೇ ಇರಬಹುದು. ಸಿಕ್ಕಿದ್ದು ನಾನಲ್ವಾ" ಎಂದು ಗಂಜಿಯ ಬಟ್ಟಲು ಮುಂದಕ್ಕೆ ಚಾಚಿದಳು. "ಇದನ್ನ ಸ್ವಲ್ಪ ಬಿಸಿ ಮಾಡಿಸ್ಕೊಂಡು ಬಾ. ನೀನು ಕೇಳಿದರೆ ಕೊಡ್ತಾರೆ."

ಆ ವರ್ಷದ ಪರೀಕ್ಷೆಯಲ್ಲಿ ಅವಳು ಪಾಸಾದಳು. ತರ್ಕದ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಬಂತೆಂದು ಬೀದಿಯವರೆಲ್ಲ ಹೊಗಳಿದರು. ಬರೆಯುವಾಗ ಅವಳು ಪ್ರತಿಯೊಂದು 'ಎಲ್ಲರೂ' ಎಂಬಲ್ಲಿಯೂ ನಿಂತು, ಯಾರು ಎಣಿಸಿದರು, ಯಾವ ಬಾಗಿಲಲ್ಲಿ ನಿಂತು ಎಣಿಸಿದರು ಎಂದು ಕೇಳಬೇಕೆನಿಸಿ, ಬಲವಂತದಿಂದ ಮುಂದೆ ಹೋಗಿದ್ದಳು. 'ಏನೂ ಹೇಳಲು ಬರುವುದಿಲ್ಲ' ಎಂಬ ಮಾತು ಈಗ ಅವಳಿಗೆ ದಿಂಬಾಗಿ ಉಳಿದಿರಲಿಲ್ಲ. ಗಂಡ ತಿಂಗಳೊಪ್ಪತ್ತಿನಲ್ಲಿ ಅದೇ ಕೆಲಸಕ್ಕೆ ಮರಳಿದ. ಅವಳ ಎದೆ ಮೊದಲಿನಂತೆಯೇ ಸಂಜೆಯಾದರೆ ಎದ್ದು ನಿಲ್ಲುತ್ತಿತ್ತು. ಅತ್ತೆಯೂ ಈಗ ಅವಳ ಜೊತೆ ಕಿಟಕಿಗೆ ಬರುತ್ತಿದ್ದರು, ಅದೊಂದು ವ್ಯತ್ಯಾಸ.

ಕೆಲಸ ಸಿಕ್ಕಿದ್ದು ಎತ್ತರದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಮೊದಲ ದಿನ ಅವಳಿಗೆ ಕುರ್ಚಿ ತೋರಿಸಿದರು, ಫೈಲುಗಳ ಕಪಾಟು ತೋರಿಸಿದರು, ಚಹಾ ಯಾವಾಗ ಬರುತ್ತದೆಂದು ಹೇಳಿದರು. ಎಲ್ಲ ಕೇಳಿಸಿಕೊಂಡು, "ಇಲ್ಲಿಂದ ಕೆಳಗಿಳಿಯೋಕೆ ಇನ್ನೊಂದು ಮೆಟ್ಟಿಲು ಎಲ್ಲಿದೆ?" ಎಂದು ಕೇಳಿದಳು. ಪಕ್ಕದ ಮೇಜಿನವರು ನಕ್ಕರು. ಬಂದ ದಿನವೇ ಓಡಿಹೋಗೋ ಯೋಚನೆಯಾ ಎಂದರು. ಅವಳೂ ನಕ್ಕಳು, ಆದರೆ ಕೂರಲಿಲ್ಲ. ಕೊನೆಗೆ ಕಚೇರಿಯ ಜವಾನ ಅವಳನ್ನು ಕಾರಿಡಾರಿನ ತುದಿಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಕಬ್ಬಿಣದ ಬಾಗಿಲಿತ್ತು. ಅದಕ್ಕೆ ಅಡ್ಡವಾಗಿ ಕಾಲು ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು.

"ಎಷ್ಟೋ ವರ್ಷದಿಂದ ಹೀಗೇ ಇದೆ ಮೇಡಂ" ಎಂದ ಜವಾನ. "ಈ ಕಡೆ ಯಾರೂ ಬರಲ್ಲ."

ಅವಳು ಕೈಚೀಲವನ್ನು ಗೋಡೆಗೊರಗಿಸಿ, ಮೇಲಿನ ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಧೂಳಿಗೆ ಸೀನು ಬಂತು. ಎರಡನೆಯದು ಕೆಳಗಿನದರೊಳಗೆ ಸಿಕ್ಕಿಕೊಂಡಿತ್ತು, ಎಳೆದರೂ ಬರಲಿಲ್ಲ. ಜವಾನ ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು, ಆಮೇಲೆ ತಾನೂ ಬಂದು ಇನ್ನೊಂದು ಕಡೆ ಹಿಡಿದುಕೊಂಡ.